ಹತ್ತು ಸೆಕೆಂಡು ದಂಡ

ಫೆಬ್ರವರಿ 11, ಮಂಗಳವಾರ

ವಕೀಲ ಶಶಾಂಕರು ಹೇಳಿದರೆಂದು ಬರೆಯುತ್ತಿದ್ದೇನೆ. ಮುಂದೆ ಕೋರ್ಟಿನಲ್ಲಿ ಮಾತು ಆಚೀಚೆ ಆಗಬಾರದು, ನಡೆದದ್ದನ್ನು ಒಂದು ಕಡೆ ಬರೆದಿಟ್ಟು ಆಗಾಗ ಓದಿಕೊಳ್ಳಿ, ಯಾರಿಗೂ ತೋರಿಸಬೇಡಿ ಎಂದರು. ಬಸ್ಸಿನ ಮಾಲಕರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಹೇಗೂ ಖಾಲಿ ಬಿದ್ದಿತ್ತು. ಸ್ಟಿಯರಿಂಗ್ ಹಿಡಿದ ಕೈಗೆ ಪೆನ್ನು ಹಿಡಿಯುವುದೇ ಒಂದು ಶಿಕ್ಷೆ.

ನಡೆದದ್ದು ಇಷ್ಟು. ಜನವರಿ 27, ಸೋಮವಾರ, ಬೆಳಿಗ್ಗೆ ಒಂಬತ್ತೂ ಕಾಲು. ಕುಂಬಳೆಯಿಂದ ಬಂದು, ಸೀತಾಂಗೋಳಿ ದಾಟಿ, ಪುತ್ತಿಗೆಯಲ್ಲಿ ಹಾಲಿನ ಸೊಸೈಟಿಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿದೆ. ಮುಂದಿನ ಬಾಗಿಲಿನಲ್ಲಿ ಜನ ಇಳಿಯುತ್ತಿದ್ದರು. ಆ ಬಾಗಿಲು ನನ್ನ ಸೀಟಿನ ಎಡಕ್ಕೆ, ಸ್ವಲ್ಪ ಹಿಂದೆ. ಕುತ್ತಿಗೆ ತಿರುಗಿಸಿದರೆ ಕಾಣುತ್ತದೆ. ಆದರೆ ಬಾಗಿಲು ನೋಡುವುದು ಕಂಡಕ್ಟರನ ಕೆಲಸ. ಅವನು ಹಗ್ಗ ಎಳೆದು ಒಂದು ಬೆಲ್ ಕೊಟ್ಟರೆ ನಿಲ್ಲಿಸಬೇಕು, ಎರಡು ಬೆಲ್ ಕೊಟ್ಟರೆ ಹೊರಡಬೇಕು. ಎರಡು ಬೆಲ್ ಕೇಳಿತು. ಹೊರಟೆ. ಕಿನ್ನಿಯಕ್ಕ ಇನ್ನೂ ಮೆಟ್ಟಿಲಿನಲ್ಲಿದ್ದರು. ಕುಂಬಳೆಯಲ್ಲಿ ಬಸಳೆ ಮಾರಿ ಮನೆಗೆ ಹೋಗುತ್ತಿದ್ದವರು. ಹೊರಗೆ ಬಿದ್ದರು, ಹಿಂದಿನ ಚಕ್ರ ಕಾಲಿನ ಮೇಲೆ ಹೋಯಿತು. ಬ್ರೇಕ್ ಹಾಕಿ ತಿರುಗಿ ನೋಡಿದಾಗ ಕಂಡಕ್ಟರ್ ಕುಂಞಮ್ಮದ್ ಮುಂದಿನ ಬಾಗಿಲಿನಲ್ಲಿ ಅವರ ಬುಟ್ಟಿಯನ್ನು ಎದೆಗೆ ಅವಚಿಕೊಂಡು ಕಿರುಚುತ್ತಿದ್ದ.

ಪೊಲೀಸರಿಗೆ ಅವನು ಬೆಲ್ಲೇ ಕೊಟ್ಟಿಲ್ಲ ಎಂದಿದ್ದಾನೆ. ಹನ್ನೊಂದು ವರ್ಷ ನನ್ನ ಬೆನ್ನ ಹಿಂದೆ ನಿಂತವನು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಿಂದ ಒಂದು ಕೋಳಿ ಸತ್ತಿಲ್ಲ, ಈಗ ನನ್ನ ಲೈಸೆನ್ಸ್ ಸಸ್ಪೆಂಡ್. ಬೆಲ್ ಆಗಿತ್ತು ಎಂದು ಗಟ್ಟಿಯಾದರೆ ತಪ್ಪು ಅವನದು, ನಾನು ಮತ್ತೆ ಬಸ್ ಹತ್ತಬಹುದು. ಆಗಿರಲಿಲ್ಲ ಎಂದಾದರೆ ನಾನು ಮುಗಿದೆ. ಇಷ್ಟೇ ಕೇಸು ಎಂದು ವಕೀಲರು ಬಿಡಿಸಿ ಹೇಳಿದರು.

ಕಿನ್ನಿಯಕ್ಕ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ. ಒಂದು ಕಾಲು ತೆಗೆದರಂತೆ.

ಫೆಬ್ರವರಿ 19, ಬುಧವಾರ

ಹೆಂಡತಿ ಪಂಕಜಾಕ್ಷಿಯ ತಮ್ಮ ತುಷಾರ್ ಶಾರ್ಜಾದಿಂದ ರಜೆಯಲ್ಲಿ ಬಂದಿದ್ದಾನೆ. ನಾನು ಜಗಲಿಯಲ್ಲಿ ಕೂತು ರಸ್ತೆ ನೋಡುವುದನ್ನು ಕಂಡು ಬೇಜಾರಾಯಿತೋ ಏನೋ, ಚೀಲದಿಂದ ಒಂದು ಆಟದ ಮೆಷಿನ್ ತೆಗೆದು ಕೊಟ್ಟ. ಎರಡು ಕೈಯಲ್ಲಿ ಹಿಡಿದುಕೊಳ್ಳುವಂಥದ್ದು, ನಡುವೆ ಪರದೆ, ಎರಡು ಬದಿಗೆ ಗುಂಡಿ.

"ಇಟ್ಟುಕೊಳ್ಳಿ ಭಾವ. ಇದಕ್ಕೆ ಲೈಸೆನ್ಸ್ ಬೇಡ" ಎಂದ.

ಪಂಕಜ ಅವನನ್ನು ಗದರಿಸಿದಳು. ನನಗೆ ನಗು ಬಂತು. ಜನವರಿಯ ನಂತರ ಮೊದಲ ಸಲ ಇರಬೇಕು.

ಒಳಗಿರುವುದು ರ‍್ಯಾಲಿ ಆಟ. ಕಾಡಿನ ಮಣ್ಣುರಸ್ತೆ, ಘಾಟಿ, ಹಿಮದ ರಸ್ತೆ. ಎಲ್ಲರೂ ಒಟ್ಟಿಗೆ ಓಡುವ ರೇಸ್ ಅಲ್ಲ. ಒಂದೊಂದೇ ಕಾರು ಬಿಡುತ್ತಾರೆ, ಗುದ್ದಾಡುವುದು ಟೈಮಿನ ಜತೆ ಮಾತ್ರ. ಪಕ್ಕದ ಸೀಟಿನಲ್ಲಿ ಹೆಲ್ಮೆಟ್ ಹಾಕಿದ ಒಬ್ಬ ಕೂತು ಮುಂದೆ ಬರುವ ತಿರುವುಗಳನ್ನು ಓದಿ ಹೇಳುತ್ತಾನಂತೆ. ಎಡಕ್ಕೆ ಮೂರು, ಬಲಕ್ಕೆ ಐದು, ಹೀಗೆ. ಅವನನ್ನು ನಾನು ಕಂಡಕ್ಟರ್ ಎಂದೇ ಕರೆದೆ.

ಶಬ್ದ ಪೂರ್ತಿ ಬಂದ್ ಮಾಡಿ ಆಡಿದೆ. ಒಬ್ಬಳು ಆಸ್ಪತ್ರೆಯಲ್ಲಿರುವಾಗ ಇವನು ಮನೆಯಲ್ಲಿ ಕಾರಿನ ಆಟ ಆಡುತ್ತಾನೆ ಎಂದು ನೆರೆಮನೆಯವರ ಬಾಯಿಗೆ ಬೀಳುವುದು ಬೇಡ.

ಹೊರಡುವಾಗ ಐದು ಕೆಂಪು ದೀಪ ಉರಿಯುತ್ತವೆ. ಎಲ್ಲ ಆರಿದ ಮೇಲೆ ಹೊರಡಬೇಕು. ಮೊದಲ ಸಲವೇ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಫಾಲ್ಸ್ ಸ್ಟಾರ್ಟ್, ಹತ್ತು ಸೆಕೆಂಡು ದಂಡ. ದೀಪ ಆರುವ ಮೊದಲೇ ಹೊರಟೆನಂತೆ. ಎರಡನೆಯ ಸಲವೂ ಹಾಗೆಯೇ ಆಯಿತು. ಹೊಸ ಮೆಷಿನ್, ಕೈಗೆ ಹಿಡಿಯಲಿಲ್ಲ.

ಫೆಬ್ರವರಿ 20, ಗುರುವಾರ

ಇಡೀ ದಿನ ಆಡಿದೆ. ಘಾಟಿಯ ತಿರುವಿನಲ್ಲಿ ತುಷಾರನ ಟೈಮನ್ನು ಹೊಡೆಯುತ್ತೇನೆ. ಆದರೆ ಈ ಹತ್ತು ಸೆಕೆಂಡು ದಂಡ ಪ್ರತಿ ಸಲ ತಲೆ ತಿನ್ನುತ್ತದೆ. ಗುಂಡಿ ಲೂಸ್ ಇರಬೇಕು. ನಾನು ಒತ್ತುವ ಮೊದಲೇ ಒತ್ತಿ ಹೋಗುತ್ತದೆ.

ಮಾರ್ಚ್ 2, ಭಾನುವಾರ

ಗುಂಡಿ ಲೂಸ್ ಎಂದು ತೋರಿಸಿಕೊಡಲು ಹೋಗಿ ಮುಖ ಸಣ್ಣದಾಯಿತು. ಪಂಕಜ ಸೀತಾಂಗೋಳಿಯಲ್ಲಿ ಪ್ಲಾಸ್ಟಿಕ್ ಕೊಡ ಮಾಡುವ ಫ್ಯಾಕ್ಟರಿಗೆ ಹೋಗುವವಳು, ಭಾನುವಾರ ಮಾತ್ರ ಮನೆಯಲ್ಲಿ ಸಿಗುತ್ತಾಳೆ. ಮೀನು ಕೊಯ್ದು ಕೈ ತೊಳೆದು ಬಂದಿದ್ದಳು. ನೀನೊಮ್ಮೆ ಆಡಿ ನೋಡು, ನಿನಗೂ ದಂಡ ಹಾಕುತ್ತದೆ ಎಂದು ಕೊಟ್ಟೆ.

ಅವಳು ಎರಡು ಕೈಯಲ್ಲಿ ಹಿಡಿದು ಕೂತಳು. ದೀಪ ಉರಿಯಿತು, ಆರಿತು. ಅವಳು ಹೊರಡಲೇ ಇಲ್ಲ. ಹೋಗು ಹೋಗು ಎಂದು ನಾನು ಎರಡು ಸಲ ಹೇಳಿದ ಮೇಲೆ ಗುಂಡಿ ಒತ್ತಿದಳು. ದಂಡ ಬೀಳಲಿಲ್ಲ. ಎರಡನೆಯ ತಿರುವಿನಲ್ಲಿ ಮರಕ್ಕೆ ಗುದ್ದಿದಳು, ಅದು ಬೇರೆ ಮಾತು.

ಅಷ್ಟು ಹೊತ್ತು ಎಂತಕ್ಕೆ ಕಾದದ್ದು ಎಂದು ಕೇಳಿದೆ.

"ಬದಿಯಲ್ಲಿ ಜನ ನಿಂತಿದ್ದಾರಲ್ಲ. ಯಾರಾದರೂ ಅಡ್ಡ ಉಂಟಾ ಅಂತ ನೋಡಿದ್ದು."

ಆಟದ ಜನ ಅವರು, ಅಡ್ಡ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ತಲೆಗೆ ಹೋಗಲಿಲ್ಲ. ಮೆಷಿನನ್ನು ಚಾರ್ಜಿಗಿಟ್ಟು ಒಳಗೆ ಹೋದಳು. ಹೆಂಗಸರಿಗೆ ಈ ಆಟ ಹೇಳಿದ್ದಲ್ಲ.

ಮಾರ್ಚ್ 14, ಶುಕ್ರವಾರ

ವಕೀಲರ ಆಫೀಸಿಗೆ ಹೋಗಿದ್ದೆ. ಹೇಳಿಕೆಯನ್ನು ಇನ್ನೊಮ್ಮೆ ಬಾಯಿಪಾಠ ಮಾಡಿಸಿದರು. ಸ್ಟಾಪಿನಲ್ಲಿ ನಿಲ್ಲಿಸಿದೆ, ಬೆಲ್ ಕೇಳಿತು, ಹೊರಟೆ. "ಎರಡು ಬೆಲ್ ಅಂತ ಹೇಳಿ, ಬರೇ ಬೆಲ್ ಅನ್ನಬೇಡಿ" ಎಂದು ತಿದ್ದಿದರು. ಮೂರು ಸಲ ಹೇಳಿದೆ. ಮೂರು ಸಲವೂ ಆ ಎರಡು ಎನ್ನುವುದು ಬಿಟ್ಟುಹೋಯಿತು.

ಬರುವಾಗ ಕುಂಬಳೆ ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನ ಡ್ರೈವರುಗಳು ಸಿಕ್ಕಿದರು. ಕುಂಞಮ್ಮದನನ್ನು ಯಾವ ಮಾಲಕನೂ ಬಸ್ಸಿಗೆ ಹತ್ತಿಸುವುದಿಲ್ಲವಂತೆ. ಸ್ಟ್ಯಾಂಡಿನಲ್ಲಿ ಅವನನ್ನು ಕಂಡರೆ ಹುಡುಗರು ಟಣ್ ಟಣ್ ಎಂದು ಬಾಯಲ್ಲಿ ಬೆಲ್ ಹೊಡೆಯುತ್ತಾರಂತೆ. ಈಗ ಅವನು ಸ್ಟ್ಯಾಂಡಿಗೆ ಬರುವುದನ್ನೇ ಬಿಟ್ಟಿದ್ದಾನೆ. ಅವರು ನಗುತ್ತಿದ್ದರು, ನಾನೂ ನಕ್ಕೆ. ಮಾಡಿದ್ದನ್ನು ಉಣ್ಣಲಿ.

ಬಸ್ಸಿನಲ್ಲಿ ಮನೆಗೆ ಬಂದೆ, ಸೀಟಿನಲ್ಲಿ ಕೂತು. ಡ್ರೈವರ್ ಹೊಸಬ. ಗೇರ್ ಬದಲಿಸುವಾಗಲೆಲ್ಲ ನನ್ನ ಎಡಗೈ ತೊಡೆಯ ಮೇಲೆ ಅಲ್ಲಾಡುತ್ತಿತ್ತು.

ಏಪ್ರಿಲ್ 3, ಗುರುವಾರ

ಕಿನ್ನಿಯಕ್ಕ ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಏಪ್ರಿಲ್ 5, ಶನಿವಾರ

ನಿನ್ನೆ ಪುತ್ತಿಗೆಯಲ್ಲಿ ಸುಟ್ಟರು. ನಾನು ಹೋಗಲಿಲ್ಲ. ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ವಕೀಲರು ಫೋನ್ ಮಾಡಿ ತಡೆದರು. ಪಂಕಜ ಹೋಗಿದ್ದಳು. ಬಂದು ಸ್ನಾನ ಮಾಡಿ ಕೆಲಸಕ್ಕೆ ಹೊರಟಳು. ಕೇಳಿ ಕೇಳಿ ಸಾಕಾದ ಮೇಲೆ ಕುಂಞಮ್ಮದನ ತಾಯಿ ಬೀಫಾತಿಮಾ ಅಂಗಳದ ಮೂಲೆಯಲ್ಲಿ ನಿಂತಿದ್ದರು ಎಂದಳು. ಕಿನ್ನಿಯಕ್ಕನೂ ಅವರೂ ಮೂವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು.

ಹಗಲಿಡೀ ಆಡಿದೆ. ಹಿಮದ ರಸ್ತೆ. ಎಲ್ಲ ಸಲ ದಂಡ. ಒಮ್ಮೆಯಾದರೂ ಸರಿಯಾಗಿ ಹೊರಡುತ್ತೇನೆ ಎಂದು ಹಟಕ್ಕೆ ಬಿದ್ದೆ. ಮೂರನೆಯ ದೀಪಕ್ಕೆ ಬೆರಳು ತಾನಾಗಿ ಹೋಗುತ್ತದೆ. ಗುಂಡಿ ಲೂಸ್ ಎಂದು ಈಗ ಯಾರಲ್ಲೂ ಹೇಳುವ ಹಾಗಿಲ್ಲ.

ಏಪ್ರಿಲ್ 13, ಭಾನುವಾರ

ನಾಳೆ ಬಿಸು. ತುಷಾರ್ ಬಂದಿದ್ದ, ಹಬ್ಬ ಕಳೆದು ಬುಧವಾರ ಶಾರ್ಜಾಕ್ಕೆ ಹೊರಡುತ್ತಾನೆ. ಪಂಕಜ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡುವ ಕಣಿಗೆ ಸೌತೆ, ತೆಂಗಿನಕಾಯಿ, ಕನ್ನಡಿ ಎಲ್ಲ ಹೊಂದಿಸುತ್ತಿದ್ದಳು. ಮೆಷಿನ್ ನಿಮ್ಮ ಹತ್ತಿರವೇ ಇರಲಿ ಎಂದು ಹೇಳಿ, ನಿಮ್ಮ ಆಟ ಎಷ್ಟು ಮುಂದೆ ಹೋಗಿದೆ ನೋಡುತ್ತೇನೆಂದು ತುಷಾರ್ ಯಾವುದೋ ಪುಟ ತೆರೆದ. ಆಡಿದವರ ಕುಂಡಲಿ ಎಲ್ಲ ಅದರಲ್ಲಿದೆಯಂತೆ. ನನಗೆ ಗೊತ್ತೇ ಇರಲಿಲ್ಲ. ಅವನ ಹೆಸರಿನ ಕೆಳಗೆ ಫಾಲ್ಸ್ ಸ್ಟಾರ್ಟ್ ನಾಲ್ಕು. ನನ್ನ ಹೆಸರಿನ ಕೆಳಗೆ ಇನ್ನೂರ ಹನ್ನೊಂದು. ಒಟ್ಟು ಓಡಿದ್ದು ಇನ್ನೂರ ಮೂವತ್ತು.

ತುಷಾರ್ ಬಿದ್ದು ಬಿದ್ದು ನಕ್ಕ. "ಎಂತ ಮಾರಾಯ್ರೆ ಭಾವ, ನಿಮಗೆ ಸಿಗ್ನಲ್ ಎಂತಕ್ಕೆ? ನೀವು ಅದು ಬೀಳುವ ಮೊದಲೇ ಹೋಗಿ ಆಗಿರ್ತದೆ."

ಅವನಿಗೆ ಕೆಟ್ಟ ಮನಸ್ಸಿಲ್ಲ, ಹೇಳಿದ ಮೇಲೂ ಅವನಿಗೆ ಏನೂ ಅನಿಸಲಿಲ್ಲ. ಪಂಕಜ ಕನ್ನಡಿ ಒರೆಸುತ್ತಿದ್ದವಳು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ಮತ್ತೆ ಒರೆಸತೊಡಗಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೆಷಿನನ್ನು ಕಿತ್ತುಕೊಂಡು ಕಪಾಟಿನೊಳಗೆ ಹಾಕಿದೆ. ಊಟಕ್ಕೆ ಕೂರಲಿಲ್ಲ. ಬಸ್ ಓಡಿಸಿದವನಿಗೆ ಮಾತ್ರ ಗೊತ್ತು, ಲೈನಿನಲ್ಲಿ ಒಂದು ನಿಮಿಷ ಲೇಟಾದರೆ ಹಿಂದಿನ ಬಸ್ಸಿನವನು ಬಂದು ಹೇಗೆ ಕಾಲರ್ ಹಿಡಿಯುತ್ತಾನೆ ಎಂದು. ಶಾರ್ಜಾದಲ್ಲಿ ಏಸಿ ಕೋಣೆಯಲ್ಲಿ ಕೂತವನಿಗೆ ಎಂತ ಗೊತ್ತು.

ಏಪ್ರಿಲ್ 22, ಮಂಗಳವಾರ

ಒಂಬತ್ತು ದಿನ ಮುಟ್ಟಲಿಲ್ಲ. ಇವತ್ತು ತೆಗೆದೆ. ಓಡಿಸಲಿಕ್ಕಲ್ಲ. ಬರೇ ಹೊರಡುವುದನ್ನು ಕಲಿಯಲಿಕ್ಕೆ. ದೀಪ ಉರಿಯುವಾಗ ಹೆಬ್ಬೆರಳು, ತೋರುಬೆರಳು ಎರಡನ್ನೂ ಗುಂಡಿಯಿಂದ ಮೇಲೆ ಎತ್ತಿ ಹಿಡಿಯುವುದು. ಐದೂ ಆರುವವರೆಗೆ ಮುಟ್ಟುವುದಿಲ್ಲ ಎಂದು ಶಪಥ.

ಬಹಳ ಕಷ್ಟ. ಆ ನಾಲ್ಕೈದು ಸೆಕೆಂಡಿನಲ್ಲಿ ಬೆರಳು ಗುಂಡಿಯ ಕಡೆಗೆ ಇಳಿಯುತ್ತಲೇ ಇರುತ್ತದೆ, ಮತ್ತೆ ಎತ್ತಬೇಕು. ಸುಮ್ಮನೆ ಕೂರುವುದಕ್ಕೆ ಇಷ್ಟು ಕಷ್ಟ ಇದೆ ಎಂದು ನನಗೆ ತಿಳಿದಿರಲಿಲ್ಲ. ಶಬ್ದ ಹಾಕಿ, ಇಯರ್‌ಫೋನ್ ಸಿಕ್ಕಿಸಿ ಆಡಿದೆ. ಪಕ್ಕದ ಸೀಟಿನವನು ಐದರಿಂದ ಕೆಳಗೆ ಎಣಿಸುತ್ತಾನೆ. ಅವನು ಎಣಿಸುತ್ತಾನೆಂದು ಎರಡು ತಿಂಗಳು ನನಗೆ ಗೊತ್ತೇ ಇರಲಿಲ್ಲ. ದೀಪ ತಪ್ಪಿದರೂ ಅವನ ಸ್ವರ ತಪ್ಪುವುದಿಲ್ಲ. ಹತ್ತು ಸಲದಲ್ಲಿ ನಾಲ್ಕು ಸಲ ದಂಡವಿಲ್ಲದೆ ಹೊರಟೆ.

ಕುಂಞಮ್ಮದ್ ಎಣಿಸುತ್ತಿರಲಿಲ್ಲ. ಅಂಗೈಯಿಂದ ಬಸ್ಸಿನ ಮೈಗೆ ಪಟಪಟ ಬಡಿಯುತ್ತಿದ್ದ. ಆಮೇಲೆ "ಆಯ್ತು" ಎನ್ನುತ್ತಿದ್ದ. ಆಮೇಲೆ ಬೆಲ್. ವಯಸ್ಸಾದವರು ಇಳಿಯುವುದಿದ್ದರೆ ಹಿಂದಿನ ಬಾಗಿಲಿನಿಂದ ನುಗ್ಗಿಕೊಂಡು ಮುಂದೆ ಬಂದು ಅವರ ಚೀಲ, ಬುಟ್ಟಿ ತಾನೇ ಎತ್ತಿಕೊಡುತ್ತಿದ್ದ. ಟಿಕೆಟ್ ಹರಿಯುವುದು ಬಿಟ್ಟು ಇವನಿಗೆ ಎಂತ ಸಮಾಜಸೇವೆ ಎಂದು ನಾನು ಬೈದದ್ದುಂಟು. ಹಾಗೆ ಬುಟ್ಟಿ ಕೊಟ್ಟು ಮುಗಿಯುವುದರೊಳಗೆ ನಾನು ಎಷ್ಟೋ ಸಲ ಗೇರ್ ಹಾಕಿ ಆಗಿರುತ್ತಿತ್ತು.

ಇದನ್ನೆಲ್ಲ ಯಾಕೆ ಬರೆದೆ ಗೊತ್ತಿಲ್ಲ. ವಕೀಲರು ಹೇಳಿದ ಮೊದಲ ಪುಟವನ್ನು ಬಹಳ ದಿನದಿಂದ ಓದಿಕೊಂಡಿಲ್ಲ. ಓದಬೇಕು.

ಮೇ 9, ಶುಕ್ರವಾರ

ಕುಂಞಮ್ಮದ್ ಬಂದಿದ್ದ. ಚಹಾ ಕುಡಿದು ಹೋದ.

ಮೇ 10, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಬರೆಯುತ್ತೇನೆ.

ಜುಮಾ ನಮಾಜ್ ಮುಗಿಸಿ ನೇರವಾಗಿ ಬಂದಿದ್ದ. ಪಂಕಜ ಕೆಲಸಕ್ಕೆ ಹೋಗಿದ್ದಳು. ಅವನ ಗಡ್ಡ ಅರ್ಧ ಬೆಳ್ಳಗಾಗಿದೆ, ಮೂವತ್ತೆಂಟು ವರ್ಷದವನಿಗೆ. ಜಗಲಿಗೆ ಹತ್ತಲಿಲ್ಲ. ನಾನೇ ಕರೆದು ಕೂರಿಸಿ ಚಹಾ ಮಾಡಿಕೊಟ್ಟೆ. ಜಗಳಕ್ಕೆ ಬಂದಿದ್ದಾನೆ ಎಂದು ನಾನು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಹೇಳಿದ.

"ಹರಿಯಣ್ಣ, ನಾನು ಬೆಲ್ ಕೊಟ್ಟಿರಬೇಕು. ಬುಟ್ಟಿ ಎತ್ತುವ ಮೊದಲೇ ಕೈ ಹಗ್ಗಕ್ಕೆ ಹೋಗಿರಬೇಕು. ನನಗೆ ನೆನಪಿಲ್ಲ. ಆದರೆ ನೀವು ಹನ್ನೊಂದು ವರ್ಷದಲ್ಲಿ ಒಂದು ಸುಳ್ಳು ಹೇಳಿದ್ದು ನಾನು ಕಾಣಲಿಲ್ಲ. ಹಾಗಾದರೆ ತಪ್ಪಿದ್ದು ನಾನೇ."

ಸೋಮವಾರ ಸ್ಟೇಷನಿಗೆ ಹೋಗಿ ಹಾಗೆಂದು ಬರೆದುಕೊಡುತ್ತಾನಂತೆ. ತಂಗಿಯರಿಬ್ಬರ ಮದುವೆ ಮಾಡಿ ತಾನು ಮದುವೆಯಾಗದೆ ಉಳಿದವನು, ಮನೆಯಲ್ಲಿ ಅವನೂ ತಾಯಿಯೂ ಇಬ್ಬರೇ. ಆ ಉಮ್ಮ ಜನವರಿಯಿಂದ ಅವನಿಗೆ ಬಡಿಸುವುದಿಲ್ಲ. ಅನ್ನ ಮಾಡಿ ಮುಚ್ಚಿಟ್ಟು ಒಳಗೆ ಹೋಗಿ ಮಲಗುತ್ತಾರೆ. ನನ್ನ ಕಿನ್ನಿಯನ್ನು ಕೊಂದವನು ಎಂದು ಬಾಯಿಬಿಟ್ಟು ಹೇಳಿಲ್ಲ, ಹೇಳಿದ್ದರೆ ಒಳ್ಳೆಯದಿತ್ತು ಎಂದ. ಒಪ್ಪಿಕೊಂಡರೆ ಶಿಕ್ಷೆಯಾದರೂ ಆಗಿ ಮುಗಿಯಲಿ ಎಂದ. ನನ್ನ ಹೆಸರನ್ನು ಇಷ್ಟು ದಿನ ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳಿದ.

ನಾನು ಏನು ಹೇಳಿದೆ? ಆಯಿತು ಎಂದೆ. ಬಿಸಿಲು ಉಂಟು, ಕೊಡೆ ತೆಗೆದುಕೊಂಡು ಹೋಗು ಎಂದೆ. ಅಷ್ಟೇ. ಅವನು ಲೋಟವನ್ನು ಬಾವಿಕಟ್ಟೆಯಲ್ಲಿ ತೊಳೆದಿಟ್ಟು ಹೋದ.

ವಕೀಲರಿಗೆ ಫೋನ್ ಮಾಡಿದೆ. "ಬಚಾವ್ ಆದಿರಿ ನೀವು" ಎಂದರು. ಖುಷಿಯಾಗಬೇಕಿತ್ತು.

ಮೇ 11, ಭಾನುವಾರ

ಬೆಳಿಗ್ಗೆ ಆಡಿದೆ. ಹದಿನೈದು ಓಟ, ಒಂದೂ ದಂಡವಿಲ್ಲ. ಪಂಕಜ ಬಟ್ಟೆ ಒಗೆಯುತ್ತಿದ್ದಳು. ಹೋಗಿ ಕುಂಞಮ್ಮದ್ ಬಂದ ಸಂಗತಿ ಹೇಳಿದೆ. ಅವನು ನಾಳೆ ಒಪ್ಪಿಕೊಳ್ಳುತ್ತಾನೆ, ಮಳೆಗಾಲದೊಳಗೆ ನಾನು ಮತ್ತೆ ಬಸ್ಸಿನಲ್ಲಿರುತ್ತೇನೆ ಎಂದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು, ಕೊಡವಿದಳು, ಹಗ್ಗಕ್ಕೆ ಹಾಕಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು.

"ಒಂಬತ್ತು ವರ್ಷ ನಾನು ನಿಮ್ಮ ಬಸ್ಸಿನಲ್ಲೇ ಸೀತಾಂಗೋಳಿಗೆ ಹೋದದ್ದು. ಇಳಿಯುವಾಗ ಎರಡು ಕಾಲೂ ನೆಲಕ್ಕೆ ತಾಗುವವರೆಗೆ ಒಂದು ದಿನವೂ ನಾನು ಕಂಬಿ ಬಿಟ್ಟವಳಲ್ಲ. ಬೇರೆ ಬಸ್ಸಿನಲ್ಲಿ ಹಾಗೆ ಮಾಡುವುದಿಲ್ಲ."

ಬಾಯಿಗೆ ಬಂದದ್ದನ್ನು ಬೈದೆ. ಅವಳು ಉಳಿದ ಬಟ್ಟೆ ಒಗೆದಳು. ನಾನು ಒಳಗೆ ಬಂದು ಈ ಡೈರಿಯ ಮೊದಲ ಪುಟ ತೆಗೆದು ಓದಿದೆ. ನನ್ನದೇ ಅಕ್ಷರ. ಬುಟ್ಟಿಯನ್ನು ಎದೆಗೆ ಅವಚಿಕೊಂಡು ಕಿರುಚುತ್ತಿದ್ದ ಎಂದು ನಾನೇ ಬರೆದಿದ್ದೇನೆ. ಬಸಳೆಯ ಬುಟ್ಟಿ ಅಗಲದ್ದು, ಎರಡು ಕೈ ಬೇಕು. ಅದನ್ನು ಎತ್ತಿಕೊಂಡವನು ಹಗ್ಗ ಎಳೆದದ್ದು ಯಾವ ಕೈಯಿಂದ?

ಎತ್ತುವ ಮೊದಲೇ ಎಳೆದಿರಬೇಕು ಎಂದು ಅವನು ಹೇಳುತ್ತಾನೆ. ಹನ್ನೊಂದು ವರ್ಷದಲ್ಲಿ ಬಸ್ಸಿನ ಮೈಗೆ ಬಡಿಯದೆ, "ಆಯ್ತು" ಎನ್ನದೆ ಅವನು ಹಗ್ಗ ಮುಟ್ಟಿದ್ದು ನಾನು ಕಂಡಿಲ್ಲ.

ನಡೆದದ್ದು ಇಷ್ಟು. ಬಲಗಡೆಯ ಕನ್ನಡಿಯಲ್ಲಿ ಹಿಂದಿನ ಬಸ್ ಕಂಡಿತು. ಸೀತಾಂಗೋಳಿಯಲ್ಲಿ ಎರಡು ನಿಮಿಷ ಹೆಚ್ಚು ನಿಂತಿದ್ದೆ, ಅವನು ನನ್ನನ್ನು ದಾಟಿದರೆ ಮುಂದಿನ ಸ್ಟಾಪಿನ ಜನ ಎಲ್ಲ ಅವನಿಗೆ. ಗೇರ್ ಮೊದಲೇ ಹಾಕಿತ್ತು. ನಾನು ಕನ್ನಡಿ ನೋಡುತ್ತಿದ್ದೆ, ಬಾಗಿಲು ನೋಡಲಿಲ್ಲ. ಬೆಲ್ ಈಗ ಆಗುತ್ತದೆ ಎಂದು ಕ್ಲಚ್ ಬಿಟ್ಟೆ. ಬೆಲ್ ಆಗಲಿಲ್ಲ. ಕಿರುಚಿದ್ದು ಕೇಳಿತು.

ಮೇ 12, ಸೋಮವಾರ

ಸ್ಟೇಷನಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಸ್‌ಐ ಹೊರಗೆ ಹೋಗಿದ್ದಾರೆ, ಕಾಯಲು ಹೇಳಿದ್ದಾರೆ. ಅವರು ಬಂದ ಮೇಲೆ ಈ ಡೈರಿಯನ್ನೂ ಕೊಟ್ಟುಬಿಡುತ್ತೇನೆ. ವಕೀಲರ ಫೋನ್ ಆರು ಸಲ ಬಂತು, ಎತ್ತಲಿಲ್ಲ. ಕುಂಞಮ್ಮದ್ ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ. ಬಸ್ಸಿನಲ್ಲಿ ಜತೆಗೇ ಬಂದೆವು.

ಬೆಳಿಗ್ಗೆ ಅವನು ಹೊರಡುವ ಮೊದಲು ಹಿಡಿಯಬೇಕೆಂದು ಪುತ್ತಿಗೆಗೆ ಹೋಗಿದ್ದೆ. ಅಂಗಳದ ಗೇಟಿನ ಹತ್ತಿರ ಚಪ್ಪಲಿ ಹಾಕುತ್ತಿದ್ದ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ, ಕೊನೆಗೆ ಹೇಳಿದ್ದು ಇಷ್ಟೇ.

"ಕುಂಞಮ್ಮದ್, ನೀನು ಬೆಲ್ ಕೊಡಲಿಲ್ಲ. ಕೊಡುವ ಮೊದಲೇ ನಾನು ಹೊರಟದ್ದು" ಎಂದೆ.

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನಿಂತು ತಿನ್ನುತ್ತಿದ್ದೆ. ಅವನು ತನ್ನ ಬಲಗೈಯನ್ನು ಎತ್ತಿ ಅಂಗೈ ನೋಡಿಕೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂರೂವರೆ ತಿಂಗಳು ಅದರ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ.

"ಇದನ್ನು ಮೊದಲು ಉಮ್ಮನಿಗೆ ಹೇಳಿ ಹರಿಯಣ್ಣ" ಎಂದ. "ಸ್ಟೇಷನಿಗೆ ಆಮೇಲೆ ಹೋಗುವ."

ಬೀಫಾತಿಮಾ ಜಗಲಿಯಲ್ಲಿ ಬೀಡಿಯ ಎಲೆ ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಮೊರ ಖಾಲಿ ಇತ್ತು, ಅದು ಯಾರದೆಂದು ಕೇಳಬೇಕಾಗಿರಲಿಲ್ಲ. ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಕನ್ನಡಿ, ಹಿಂದಿನ ಬಸ್, ಗೇರ್, ಬುಟ್ಟಿ, ಪೊಲೀಸರ ಮುಂದೆ ಸುಳ್ಳು ಹೇಳಿದ್ದು, ಎಲ್ಲ. ಹೇಳುವಾಗ ಅಳು ಬಂತು, ನಾಚಿಕೆಯಾಯಿತು, ಆದರೂ ನಿಲ್ಲಿಸಲಿಲ್ಲ. ಅವರ ಕತ್ತರಿ ಮಾತ್ರ ನಿಂತಿತ್ತು. ಮುಗಿದ ಮೇಲೂ ನನ್ನ ಕಡೆ ತಲೆ ಎತ್ತಲಿಲ್ಲ.

ಮಡಿಲಿನ ಎಲೆ ಕೊಡವಿ ಎದ್ದು ಒಳಗೆ ಹೋದರು. ಮುಚ್ಚಳ ತೆಗೆದ ಸದ್ದು ಕೇಳಿತು.

"ಮೋನೇ, ಬಾ. ಅನ್ನ ಬಡಿಸಿದ್ದೇನೆ" ಎಂದು ಒಳಗಿನಿಂದ ಮಗನನ್ನು ಕರೆದರು.

ಬೆಳಿಗ್ಗೆ ಒಂಬತ್ತು ಗಂಟೆ ಅದು, ಯಾರೂ ಊಟ ಮಾಡುವ ಹೊತ್ತಲ್ಲ. ಕುಂಞಮ್ಮದ್ ಹಾಕಿದ ಚಪ್ಪಲಿ ತೆಗೆದು ಒಳಗೆ ಹೋದ. ನನಗೆ ಯಾರೂ ಕೂರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ರಸ್ತೆಯಲ್ಲಿ ಕುಂಬಳೆಗೆ ಹೋಗುವ ಬಸ್ ಹಾರ್ನ್ ಹಾಕುತ್ತಾ ಬಂತು, ಸೊಸೈಟಿಯ ಹತ್ತಿರ ನಿಂತಿತು, ಟಣ್ ಟಣ್ ಎಂದು ಹೊರಟುಹೋಯಿತು. ಸ್ಟೇಷನಿಗೆ ಅದರಲ್ಲೇ ಹೋಗಬೇಕೆಂದಿದ್ದೆ. ಒಳಗೆ ಅವರು ಮತ್ತೆ ಬಡಿಸುತ್ತಿದ್ದರು, ಅವನು ಸಾಕು ಎನ್ನುತ್ತಿರಲಿಲ್ಲ. ಅವನು ಉಂಡು, ಕೈ ತೊಳೆದು ಬರುವವರೆಗೆ ನಾನು ಅಂಗಳದಲ್ಲಿ ನಿಂತು ಕಾದೆ.